ಮಾರುತಿ 800 ಕಾರ್ಬ್ಯುರೇಟರ್: ಪಂಪ್ ಎರಡು ಸಲ ಬದಲಿಸಿದರೂ ಪೆಟ್ರೋಲ್ ಪ್ರೆಷರ್ 1.4 ಪಿಎಸ್‌ಐ ದಾಟುತ್ತಿಲ್ಲ

ಘಟ್ಟದ_ಗಾಡಿ:

ಗಾಡಿ 1997ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಕಾರ್ಬ್ಯುರೇಟರ್. ಪಂಪ್ ಮೆಕ್ಯಾನಿಕಲ್, ಮೂರು ಮೂತಿಯದು: ಟ್ಯಾಂಕಿನಿಂದ ಬರುವುದೊಂದು, ಕಾರ್ಬ್ಯುರೇಟರ್‌ಗೆ ಹೋಗುವುದೊಂದು, ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಒಂದು. ಮೊದಲು ಎಲ್‌ಪಿಜಿ ಕಿಟ್ ಇತ್ತು. ಸಿಲಿಂಡರ್, ವೇಪರೈಸರ್ ಎಲ್ಲ ತೆಗೆದಿದೆ, ಪೆಟ್ರೋಲ್ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಪೆಟ್ರೋಲ್ ಬಿಡುವ ವಾಲ್ವ್) ಮಾತ್ರ ಹಾಗೇ ಇದೆ. ಅದಕ್ಕೆ ಇಗ್ನಿಷನ್‌ನಿಂದ ನೇರ ಕರೆಂಟ್ ಕೊಟ್ಟಿದೆ.

ತೊಂದರೆ ಹೀಗಿದೆ. ಸಮತಟ್ಟು ರಸ್ತೆಯಲ್ಲಿ 60ರವರೆಗೆ ಸರಿಯಾಗಿ ಓಡುತ್ತದೆ. ಚಾರ್ಮಾಡಿ ಘಾಟಿಯಂಥ ಏರಿನಲ್ಲಿ ಎರಡನೇ ಗೇರಿನಲ್ಲಿ ಒಂದೆರಡು ಕಿಲೋಮೀಟರ್ ಹತ್ತುವಷ್ಟರಲ್ಲಿ ಜಗ್ಗಲು ಶುರು, ಆಮೇಲೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಎರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಓಡುತ್ತದೆ.

ಕಾರ್ಬ್ಯುರೇಟರ್ ಬಿಚ್ಚಿ ಜೆಟ್, ಒಳಬರುವ ಪೆಟ್ರೋಲ್ ತಡೆಯುವ ಸೂಜಿ ವಾಲ್ವ್ ಎಲ್ಲ ತೊಳೆದಾಗಿದೆ, ಫಿಲ್ಟರ್ ಹೊಸದು. ಪ್ಲಗ್, ಪಾಯಿಂಟ್, ಕಂಡೆನ್ಸರ್ ಹೊಸದು, ಟೈಮಿಂಗ್ ಸರಿ ಇದೆ. ಪಂಪ್ ಬೇರೆ ಬೇರೆ ತಯಾರಿಕೆಯದು ಎರಡು ಸಲ ಬದಲಿಸಿದೆ. ಟಿ ಜಾಯಿಂಟ್ ಹಾಕಿ ಗೇಜ್ ಕೂಡಿಸಿದಾಗ ಬಂದ ರೀಡಿಂಗ್ (ಪಿಎಸ್‌ಐ ಅಂದರೆ ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ):

ಐಡಲಿಂಗ್: 1.4 ಪಿಎಸ್‌ಐ
3000 ಆರ್‌ಪಿಎಂ, ನ್ಯೂಟ್ರಲ್‌ನಲ್ಲಿ: 0.8 ಪಿಎಸ್‌ಐ
ಎಂಜಿನ್ ಆಫ್ ಮಾಡಿದ ಮೇಲೆ: ಐದಾರು ಸೆಕೆಂಡಿನಲ್ಲಿ ಸೊನ್ನೆ

ಗೇಜ್ 0–100 ಪಿಎಸ್‌ಐ ಅಳತೆಯದು. ಟಿ ಇರುವುದು ಸೊಲೆನಾಯ್ಡ್ ದಾಟಿದ ಮೇಲೆ, ಕಾರ್ಬ್ಯುರೇಟರ್ ಮೂತಿಯ ಪಕ್ಕ. ಈಗ ಎಲೆಕ್ಟ್ರಿಕ್ ಪಂಪ್ ಹಾಕಿಸಿ ಎಂಬ ಸಲಹೆ ಬಂದಿದೆ. ಅದಕ್ಕೂ ಮೊದಲು ಇನ್ನೇನು ನೋಡಬೇಕು?


ಹುಬ್ಬಳ್ಳಿ_ಪಾನಾ:

ಸರ, ಎಲೆಕ್ಟ್ರಿಕ್ ಪಂಪಿನ ಮಾತು ಸದ್ಯಕ್ಕ ಬಿಡ್ರಿ. ಗೇಜ್ 100 ಪಿಎಸ್‌ಐದ್ದು ಅಂದ್ರಲ್ಲ, ಅಲ್ಲೇ ಮೊದಲ ನಿಂದರ್ರಿ. ಅದು ಎಂಪಿಎಫ್‌ಐ ಗಾಡಿಗೆ, ಅಂದ್ರ ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗೆ ಮಾಡಿದ್ದು. ಇಂಥಾ ಗೇಜಿಗೆ ಪೂರ್ತಿ ಅಳತೆಯ ನೂರಕ್ಕ ಮೂರು ಹೆಚ್ಚುಕಮ್ಮಿ ಇರೂದು ಸಾಮಾನ್ಯ. ಅಂದ್ರ 3 ಪಿಎಸ್‌ಐ ಅತ್ತಾಗ ಇತ್ತಾಗ. ನಾವು ಅಳಿಯಾಕ ಹೊಂಟಿದ್ದ 3 ಪಿಎಸ್‌ಐ. ಮುಳ್ಳು 1.4 ತೋರಿಸಿದ್ರ ಒಳಗ ಸೊನ್ನೆ ಇರಬಹುದು, 4 ಇರಬಹುದು.

0–15 ಪಿಎಸ್‌ಐ ಗೇಜ್ ತಗೋರಿ, ಇಲ್ಲಾ 0–1 ಕೆಜಿ (ಚದರ ಸೆಂಟಿಮೀಟರಿಗೆ) ಬರೆದಿದ್ದು ತಗೋರಿ. ವ್ಯಾಕ್ಯೂಮ್ ಮತ್ತ ಪ್ರೆಷರ್ ಎರಡೂ ಒಂದರಾಗ ತೋರಿಸೋ ಗೇಜ್ ಸಿಕ್ಕರ ಇನ್ನೂ ಚಲೋ, ಮುಂದ ಪಂಪಿನ ಜಗ್ಗೋ ಶಕ್ತಿ ನೋಡಾಕೂ ಅದ ಬೇಕು.

ಹೊಸಾ ಗೇಜ್ ಆದ್ರೂ ಒಮ್ಮೆ ಪರೀಕ್ಷೆ ಮಾಡ್ರಿ. ಗೌಂಡಿಗಳು ಲೆವಲ್ ನೋಡಾಕ ಹಿಡಿಯೋ ಪಾರದರ್ಶಕ ಪೈಪ್ ಎರಡೂವರೆ ಮೀಟರ್ ಸಾಕು. ಅದರಾಗ ನೀರು ತುಂಬಿ, ಒಂದು ತುದಿಗೆ ಹೆಬ್ಬೆರಳ ಒತ್ತಿ ಹಿಡಿದು, ಇನ್ನೊಂದು ತುದಿ ಗೇಜಿನ ಮೂತಿಗೆ ಸಿಗಿಸ್ರಿ. ಗೇಜ್ ನೆಲದ ಮ್ಯಾಲೆ ಇಟ್ಟು ಪೈಪ್ ನೆಟ್ಟಗ ಮ್ಯಾಲೆ ಎತ್ತಿ ಬೆರಳ ತಗೀರಿ. ನಡುವ ಗಾಳಿ ಗುಳ್ಳಿ ಇರಬಾರದು, ಇದ್ರ ಪೈಪಿಗೆ ಬೆರಳಿನಿಂದ ತಟ್ಟಿದ್ರ ಮ್ಯಾಲೆ ಬರ್ತಾವು. ಈಗ ಕೆಳಗಿನ ನೀರಿನ ಮಟ್ಟದಿಂದ ಮ್ಯಾಲಿನ ಮಟ್ಟದ ತನಕ ಟೇಪ್ ಹಿಡೀರಿ. 1 ಮೀಟರ್ ನೀರು ಅಂದ್ರ 0.1 ಕೆಜಿ, ಅಂದ್ರ 1.42 ಪಿಎಸ್‌ಐ. 2 ಮೀಟರಿಗೆ 2.84. ಮುಳ್ಳು ಅಲ್ಲಿಗೆ ಬಂದು ನಿಂತರ ಗೇಜ್ ಸುಳ್ಳು ಹೇಳಂಗಿಲ್ಲ. ಆಮ್ಯಾಲೆ ಒಳಗಿನ ನೀರು ಊದಿ ಒಣಗಿಸಿ ಗಾಡಿಗೆ ಹಾಕ್ರಿ. ಹನಿ ನೀರು ಸೈತ ಕಾರ್ಬ್ಯುರೇಟರಿನಾಗ ಪೆಟ್ರೋಲ್ ನಿಲ್ಲೋ ಫ್ಲೋಟ್ ಚೇಂಬರಿಗೆ ಹೋಗಬಾರದು.

ಇನ್ನೊಂದು. ಗೇಜ್ ಎಲ್ಲಿ ಹಿಡೀತೀರಿ ಅನ್ನೂದೂ ಲೆಕ್ಕಕ್ಕ ಬರ್ತೈತಿ. ಗೇಜಿನ ಪೈಪಿನಾಗ ಪೆಟ್ರೋಲ್ ತುಂಬಿದ್ದು, ಗೇಜ್ ಟಿ ಜಾಯಿಂಟಿಗಿಂತ ಅರ್ಧ ಮೀಟರ್ ಮ್ಯಾಲೆ ಇದ್ರ ರೀಡಿಂಗ್ ಸುಮಾರು ಅರ್ಧ ಪಿಎಸ್‌ಐ ಕಮ್ಮಿ ಬರ್ತೈತಿ, ಕೆಳಗ ಜೋತುಬಿದ್ರ ಅಷ್ಟ ಹೆಚ್ಚು. ಮೂರರಾಗ ಅರ್ಧ ಸಣ್ಣದಲ್ಲ. ಕಾರ್ಬ್ಯುರೇಟರ್ ಮಟ್ಟಕ್ಕ ಹಿಡಿದು ನೋಡ್ರಿ. ಪೆಟ್ರೋಲ್ ತುಂಬಿದ ಆ ಪೈಪ್ ಮಾತ್ರ ಡ್ಯಾಶ್‌ಬೋರ್ಡ್ ತನಕ ಎಳೆದು ಗಾಡಿಯೊಳಗ ತರಬ್ಯಾಡ್ರಿ.


ಫ್ಲೋಟ್_ಚೇಂಬರ್:

ಮೇಲಿನವರು ಗೇಜಿನ ಬಗ್ಗೆ ಹೇಳಿದ್ದು ಸರಿ. ಅದನ್ನು ಮಾಡಿಕೊಂಡೇ ಮುಂದೆ ಹೋಗಿ. ಆದರೆ ನಿಮ್ಮ ರೀಡಿಂಗ್ ತೀರಾ ಅರ್ಥವಿಲ್ಲದ್ದೇನಲ್ಲ. ಅಂಕಿ ತಪ್ಪಿರಬಹುದು, ಆದರೆ ರೇಸ್ ಮಾಡಿದಾಗ ಮುಳ್ಳು ಕೆಳಗಿಳಿಯಿತು ಎನ್ನುವುದು ಗೇಜಿನ ತಪ್ಪಿರಲಾರದು. ಎರಡು ಪಂಪಿನಲ್ಲೂ ಅದೇ ರೀಡಿಂಗ್ ಬಂದಿದೆ ಎಂದರೆ ಪಂಪಿನ ಮೇಲಿನ ಅನುಮಾನ ಅಲ್ಲಿಗೇ ಅರ್ಧ ಕಡಿಮೆಯಾಗಬೇಕು.

ಈ ಪಂಪ್ ಕೆಲಸ ಮಾಡುವ ಬಗೆ ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಕ್ಯಾಮ್‌ಶಾಫ್ಟ್ ಮೇಲಿನ ಉಬ್ಬು ಲಿವರ್ ಎಳೆದಾಗ ಡಯಾಫ್ರಾಮ್ (ಪಂಪಿನೊಳಗಿನ ಬಾಗುವ ಪೊರೆ) ಕೆಳಗಿಳಿದು ಟ್ಯಾಂಕಿನಿಂದ ಪೆಟ್ರೋಲ್ ಜಗ್ಗುತ್ತದೆ. ಕಾರ್ಬ್ಯುರೇಟರ್ ಕಡೆ ತಳ್ಳುವುದು ಎಂಜಿನ್ ಅಲ್ಲ, ಡಯಾಫ್ರಾಮ್ ಕೆಳಗಿರುವ ಸ್ಪ್ರಿಂಗ್. ಹಾಗಾಗಿ ಪ್ರೆಷರ್ ಎಷ್ಟು ಎಂಬುದನ್ನು ಆ ಸ್ಪ್ರಿಂಗ್ ತೀರ್ಮಾನಿಸುತ್ತದೆ. ಆರ್‌ಪಿಎಂ ಏರಿದರೆ ನಿಮಿಷಕ್ಕೆ ಎಷ್ಟು ಸಲ ಜಗ್ಗಿತು ಎನ್ನುವುದು ಬದಲಾಗುತ್ತದೆ, ಸ್ಪ್ರಿಂಗಿನ ಬಲ ಬದಲಾಗುವುದಿಲ್ಲ. ಆರೋಗ್ಯವಾಗಿರುವ ಪಂಪಿನಲ್ಲಿ ಐಡಲಿಂಗ್‌ಗೂ 3000ಕ್ಕೂ ನ್ಯೂಟ್ರಲ್‌ನಲ್ಲಿ ಹೆಚ್ಚು ವ್ಯತ್ಯಾಸ ಕಾಣಬಾರದು. ನಿಮ್ಮದರಲ್ಲಿ ಇಳಿಯುತ್ತಿದೆ, ಅಂದರೆ ಲಿವರ್ ಬೇಗ ಬೇಗ ಎಳೆದಾಗ ಚೇಂಬರ್ ಪೂರ್ತಿ ತುಂಬುತ್ತಿಲ್ಲ. ಒಂದೋ ಟ್ಯಾಂಕ್ ಕಡೆಯಿಂದ ಪೆಟ್ರೋಲ್ ಬರಲು ದಾರಿ ಕಿರಿದಾಗಿದೆ, ಇಲ್ಲವೇ ಪೆಟ್ರೋಲ್ ಜೊತೆ ಗಾಳಿ ಬರುತ್ತಿದೆ.

ನಿಮ್ಮ ಗಾಡಿಯಲ್ಲಿ ರಿಟರ್ನ್ ಇರುವುದರಿಂದ ಇದು ಐಡಲಿಂಗ್‌ನಲ್ಲೇ ಬಯಲಾಗುತ್ತದೆ. ಎಂಜಿನ್ ಕುಡಿಯುವುದು ಚೂರೇ ಆದರೂ ರಿಟರ್ನ್‌ನ ಸಣ್ಣ ತೂತಿನಿಂದ ಪೆಟ್ರೋಲ್ ಸದಾ ವಾಪಸ್ ಹೋಗುತ್ತಿರುತ್ತದೆ. ಪಂಪ್ ಎರಡನ್ನೂ ಪೂರೈಸಬೇಕು. ಎಂಜಿನ್ ಆಫ್ ಆದ ಕೂಡಲೇ ಮುಳ್ಳು ಸೊನ್ನೆಗೆ ಬೀಳುವುದಕ್ಕೂ ಅದೇ ಕಾರಣ. ಅದನ್ನು ವಾಲ್ವ್ ಲೀಕ್ ಎಂದು ಓದಿ ಪಂಪ್ ಬದಲಿಸುವುದು ಬಹಳ ಕಡೆ ನಡೆಯುವ ತಪ್ಪು. ರಿಟರ್ನ್ ಇಲ್ಲದ ಎರಡು ಮೂತಿಯ ಪಂಪಿನಲ್ಲಿ ಮಾತ್ರ ಆ ಮಾತು ಅನ್ವಯಿಸುತ್ತದೆ.

ಏರಿನಲ್ಲೇ ಏಕೆ ನಿಲ್ಲುತ್ತದೆ ಎನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಟ್ಯಾಂಕ್ ಹಿಂದೆ, ಪಂಪ್ ಮುಂದೆ. ಈ ಗಾಡಿಯ ವೀಲ್‌ಬೇಸ್ 2175 ಮಿಲಿಮೀಟರ್. ಹತ್ತಕ್ಕೆ ಒಂದರ ಏರಿನಲ್ಲಿ ಪಂಪ್ ಟ್ಯಾಂಕಿಗಿಂತ ಇನ್ನೂ 20 ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ಜಗ್ಗುವ ಎತ್ತರ ಹೆಚ್ಚಿತು, ಎಂಜಿನ್ ಕುಡಿಯುವುದೂ ಹೆಚ್ಚಿತು. ಸಮತಟ್ಟಿನಲ್ಲಿ ಮುಚ್ಚಿಹೋಗುವ ಸಣ್ಣ ಬಿರುಕು ಅಲ್ಲಿ ಬಾಯಿ ಬಿಡುತ್ತದೆ.

ಗೇಜ್ ಬದಲಿಸಿದ ಮೇಲೆ ಮೂರು ಪರೀಕ್ಷೆ ಮಾಡಿ, ಅಂಕಿ ಇಲ್ಲಿ ಬರೆಯಿರಿ.

ಮೊದಲನೆಯದು ಬಾಟಲ್ ಪರೀಕ್ಷೆ. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನಿಂದ ಕಳಚಿ ಬೋಲ್ಟ್ ತುರುಕಿ ಮುಚ್ಚಿ. ಒಂದು ಲೀಟರಿನ ಲೋಹದ ಡಬ್ಬಿಯಲ್ಲಿ ಶುದ್ಧ ಪೆಟ್ರೋಲ್ ಇಟ್ಟು, ಅರ್ಧ ಮೀಟರಿನ ಹೊಸ ಹೋಸ್‌ನಿಂದ ಪಂಪಿನ ಒಳಮೂತಿಗೆ ಕೊಡಿ. ಡಬ್ಬಿ ಬಂಪರಿನ ಮಟ್ಟದಲ್ಲಿ, ಡಿಸ್ಟ್ರಿಬ್ಯೂಟರ್‌ನಿಂದಲೂ ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದಲೂ ದೂರ ಇರಲಿ. ಪಂಪಿಗಿಂತ ಎತ್ತರದಲ್ಲಿಟ್ಟರೆ ಪೆಟ್ರೋಲ್ ತಾನಾಗಿಯೇ ಇಳಿದುಬಂದು ಪರೀಕ್ಷೆ ಕೆಡುತ್ತದೆ. ಈಗ ಐಡಲಿಂಗ್ ಮತ್ತು 3000ರಲ್ಲಿ ಪ್ರೆಷರ್ ನೋಡಿ. ಈ ವರ್ಗದ ಪಂಪಿಗೆ 2.5ರಿಂದ 4 ಪಿಎಸ್‌ಐ ಬಂದರೆ ಪಂಪಿನ ತಂಟೆಗೆ ಹೋಗಬೇಡಿ, ದೋಷ ಟ್ಯಾಂಕ್ ಕಡೆ ಇದೆ.

ಎರಡನೆಯದು ಜಗ್ಗುವ ಶಕ್ತಿ. ವ್ಯಾಕ್ಯೂಮ್ ಗೇಜನ್ನು ನೇರ ಪಂಪಿನ ಒಳಮೂತಿಗೆ ಹಾಕಿ. ಫ್ಲೋಟ್ ಚೇಂಬರಿನಲ್ಲಿರುವ ಪೆಟ್ರೋಲಿನಿಂದ ಎಂಜಿನ್ ಅರ್ಧ ನಿಮಿಷ ಐಡಲಿಂಗ್ ಓಡುತ್ತದೆ, ಅಷ್ಟು ಸಾಕು. 7ರಿಂದ 10 ಇಂಚು ಪಾದರಸದಷ್ಟು ಜಗ್ಗಬೇಕು. 5ಕ್ಕಿಂತ ಕೆಳಗಿದ್ದರೆ ಒಳವಾಲ್ವ್, ಡಯಾಫ್ರಾಮ್ ಅಥವಾ ಲಿವರ್ ಎಳೆತ ಯಾವುದೋ ಸರಿಯಿಲ್ಲ.

ಮೂರನೆಯದನ್ನು ಯಾರೂ ಮಾಡುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ: ಎಷ್ಟು ಪೆಟ್ರೋಲ್ ಬರುತ್ತಿದೆ ಎಂಬ ಅಳತೆ. ಪ್ರೆಷರ್ ಬೇರೆ, ಪ್ರಮಾಣ ಬೇರೆ. ಅರ್ಧ ಕಟ್ಟಿಕೊಂಡ ಫಿಲ್ಟರಿನ ಆಚೆ ಕೂಡ ಹರಿವು ಇಲ್ಲದಾಗ ಪ್ರೆಷರ್ ಪೂರ್ತಿ ತೋರಿಸುತ್ತದೆ. ಕಾರ್ಬ್ಯುರೇಟರ್ ಮೂತಿಯ ಪೈಪ್ ಕಳಚಿ, ಉದ್ದದ ಹೋಸ್ ಹಾಕಿ, ಅಳತೆಯ ಗುರುತಿರುವ ಡಬ್ಬಿಗೆ ಬಿಡಿ. ಚೇಂಬರಿನ ಪೆಟ್ರೋಲಿನಲ್ಲಿ 30 ಸೆಕೆಂಡ್ ಐಡಲಿಂಗ್ ಓಡಿಸಿ ಎರಡರಿಂದ ಗುಣಿಸಿ. ಈ ಎಂಜಿನ್ ಕಾಲು ಪೂರ್ತಿ ಒತ್ತಿದಾಗಲೂ ಗಂಟೆಗೆ 11–12 ಲೀಟರ್ ಕುಡಿದೀತು, ಅಂದರೆ ನಿಮಿಷಕ್ಕೆ ಸುಮಾರು 200 ಎಂಎಲ್. ಐಡಲಿಂಗ್‌ನಲ್ಲೇ ನಿಮಿಷಕ್ಕೆ 300 ಎಂಎಲ್ ಬಿದ್ದರೆ ಏರಿನಲ್ಲಿ ಕೊರತೆಯಾಗುವುದಿಲ್ಲ. 200ಕ್ಕಿಂತ ಕಡಿಮೆ ಬಂದರೆ ಎಲ್ಲೋ ಕಟ್ಟಿಕೊಂಡಿದೆ. ಈ ಅಳತೆಯನ್ನು ಸೊಲೆನಾಯ್ಡ್‌ಗೆ ಮುಂಚೆ ಒಂದು ಸಲ, ಆದಮೇಲೆ ಒಂದು ಸಲ ತೆಗೆದುಕೊಳ್ಳಿ. ಪಕ್ಕದಲ್ಲಿ ಒಬ್ಬರು ಪೌಡರ್ ಎಕ್ಸ್‌ಟಿಂಗ್ವಿಷರ್ ಹಿಡಿದು ನಿಂತಿರಲಿ. ಬಾಯ್ತೆರೆದ ಪೆಟ್ರೋಲ್ ಹತ್ತಿರ ಒಬ್ಬರೇ ಕೆಲಸ ಮಾಡಬೇಡಿ.


ನಾಲ್ಕನೇ_ಗೇರ್:

ಬಿಸಿಯಲ್ಲಿ ಮಾತ್ರ ಹೀಗಾಗುತ್ತದೆಯೋ, ತಣ್ಣಗಿದ್ದಾಗಲೂ ಪ್ರೆಷರ್ ಕಡಿಮೆಯೋ ಎಂಬುದನ್ನೂ ಬೇರ್ಪಡಿಸಿಕೊಳ್ಳಿ. ಈ ಪಂಪ್ ಕೂತಿರುವುದು ಸಿಲಿಂಡರ್ ಹೆಡ್ ಮೇಲೆ. ಬಿಸಿ ಏರಿದಾಗ ಒಳಗೆ ಪೆಟ್ರೋಲ್ ಆವಿಯಾದರೆ ಲಿವರ್ ಆವಿಯನ್ನೇ ಒತ್ತುತ್ತಾ ಕೂರುತ್ತದೆ, ಮುಳ್ಳು ನಡುಗುತ್ತಾ ಇಳಿಯುತ್ತದೆ. ನಿಂತ ಗಾಡಿಯ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಒಂದೆರಡು ನಿಮಿಷದಲ್ಲಿ ರೀಡಿಂಗ್ ಮೇಲೇರಿದರೆ ವೇಪರ್ ಲಾಕ್. ಬಟ್ಟೆಯಿಂದ ನೀರು ಡಿಸ್ಟ್ರಿಬ್ಯೂಟರ್ ಮೇಲೆ ಸುರಿಯದಿರಲಿ. ತಣ್ಣಗಿದ್ದಾಗಲೇ 1.4 ಇದ್ದರೆ ಬಿಸಿಯನ್ನು ದೂರಬೇಕಿಲ್ಲ.

ಪಂಪ್ ಎರಡು ಸಲ ಬಿಚ್ಚಿ ಹಾಕಿರುವುದರಿಂದ ಹೆಡ್‌ಗೂ ಪಂಪಿಗೂ ನಡುವಿನ ದಪ್ಪ ಬೇಕಲೈಟ್ ಪ್ಯಾಕಿಂಗ್ ನೋಡಿ. ಶಾಖ ತಡೆಯಲು ಅದು ಬೇಕೇ ಬೇಕು. ಆದರೆ ಅದರ ಎರಡೂ ಪಕ್ಕ ಹೆಚ್ಚುವರಿ ಕಾಗದದ ಪ್ಯಾಕಿಂಗ್ ಜೋಡಿಸಿ, ಮೇಲೆ ಸಿಲಿಕೋನ್ ಬಳಿದಿದ್ದರೆ ಪಂಪ್ ಹೊರಗೆ ಸರಿದು ಲಿವರ್‌ಗೆ ಸಿಗುವ ಎಳೆತ ಕಡಿಮೆಯಾಗುತ್ತದೆ. ಒಂದು ಮಿಲಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ. ಕೂರಿಸುವಾಗ ಎಂಜಿನ್ ಕೈಯಲ್ಲಿ ತಿರುಗಿಸಿ ಕ್ಯಾಮ್ ಉಬ್ಬು ಆಚೆ ಹೋಗುವಂತೆ ಮಾಡಿ. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು. ಲಿವರ್ ಮೇಲೆ ಭಾರ ಇಲ್ಲದ ಜಾಗದಲ್ಲಿ ಪಂಪ್ ಕೈಯಿಂದಲೇ ಒತ್ತಿ ಕೂರುತ್ತದೆ, ಆಗ ಎರಡೂ ಬೋಲ್ಟ್ ಸ್ವಲ್ಪ ಸ್ವಲ್ಪ ಸಮನಾಗಿ ಬಿಗಿಯಿರಿ. ಉಬ್ಬು ಎದುರಿಗಿದ್ದಾಗ ಒಂದೇ ಬೋಲ್ಟ್ ಎಳೆದು ಬಿಗಿದರೆ ಪಂಪಿನ ಅಲ್ಯೂಮಿನಿಯಂ ಕಿವಿ ಸೊಟ್ಟಗಾಗುತ್ತದೆ, ಆಯಿಲ್ ಸೋರುತ್ತದೆ.

ಹಳೆಯ ಪಂಪ್ ಎಸೆದಿಲ್ಲವಾದರೆ ಅದರ ಹೊಟ್ಟೆಯಲ್ಲಿರುವ ಸಣ್ಣ ಸೋರು ತೂತನ್ನು ನೋಡಿ. ಅಲ್ಲಿ ಪೆಟ್ರೋಲ್ ಜಿನುಗಿದ್ದರೆ ಡಯಾಫ್ರಾಮ್ ಹರಿದಿದೆ, ಆಯಿಲ್ ಜಿನುಗಿದ್ದರೆ ಒಳಗಿನ ಆಯಿಲ್ ಸೀಲ್ ಹೋಗಿದೆ. ಡಯಾಫ್ರಾಮ್ ಹರಿದಿದ್ದರೆ ಪೆಟ್ರೋಲ್ ಎಂಜಿನ್ ಆಯಿಲಿಗೂ ಇಳಿದಿರುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ, ಮಟ್ಟ ಮ್ಯಾಕ್ಸ್ ಗುರುತು ದಾಟಿ ಏರಿದೆಯೇ ನೋಡಿ. ಅನುಮಾನ ಬಂದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸದೆ ಗಾಡಿ ಸ್ಟಾರ್ಟ್ ಮಾಡಬೇಡಿ. ಪೆಟ್ರೋಲ್ ಬೆರೆತು ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ.

ಟ್ಯಾಂಕ್ ಮುಚ್ಚಳದ್ದು ಎರಡು ನಿಮಿಷದ ಕೆಲಸ. ತೊಂದರೆ ಬಂದ ಜಾಗದಲ್ಲೇ ಮುಚ್ಚಳ ತೆಗೆದಾಗ ಜೋರಾಗಿ ಗಾಳಿ ಒಳಗೆ ಎಳೆದುಕೊಂಡು, ಕೂಡಲೇ ಗಾಡಿ ಸರಿಯಾದರೆ ಟ್ಯಾಂಕಿನ ಗಾಳಿದಾರಿ ಕಟ್ಟಿದೆ.

ಎಲೆಕ್ಟ್ರಿಕ್ ಪಂಪ್ ವಿಷಯ: ಎಂಪಿಎಫ್‌ಐ ಗಾಡಿಯ ಪಂಪನ್ನು ಮಾತ್ರ ಹಾಕಿಸಬೇಡಿ. ಅದು 40 ಪಿಎಸ್‌ಐ ಸುಮಾರಿಗೆ ತಳ್ಳುತ್ತದೆ, ಸೂಜಿ ವಾಲ್ವ್ ಅದನ್ನು ತಡೆಯಲಾರದು, ಪೆಟ್ರೋಲ್ ಉಕ್ಕಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಹರಿಯುತ್ತದೆ. ಕಾರ್ಬ್ಯುರೇಟರ್‌ಗೆಂದೇ ಇರುವ 2–4 ಪಿಎಸ್‌ಐ ಪಂಪ್ ಆದರೂ, ಎಂಜಿನ್ ನಿಂತರೆ ತಾನೂ ನಿಲ್ಲುವಂತೆ ರಿಲೇ ಇರಬೇಕು. ಟ್ಯಾಂಕ್ ಪಕ್ಕದಲ್ಲಿ ಅದನ್ನು ಕೂರಿಸಿದರೆ ನಿಮ್ಮ ಗಾಡಿ ಏರು ಹತ್ತಲೂಬಹುದು. ಆದರೆ ಈಗ ಗಾಳಿ ಎಳೆಯುತ್ತಿರುವ ಬಿರುಕಿನಿಂದ ಅವತ್ತು ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಅದಕ್ಕೇ ಮೊದಲು ಬಿರುಕು ಹುಡುಕಿ ಎನ್ನುವುದು.


ಘಟ್ಟದ_ಗಾಡಿ:

ಎಲ್ಲರಿಗೂ ಧನ್ಯವಾದ. ಹೇಳಿದಂತೆ ಮಾಡಿದ ಅಂಕಿಗಳು:

ಹೊಸ 0–15 ಗೇಜ್, 2 ಮೀಟರ್ ನೀರಿಗೆ 2.8 ತೋರಿಸಿತು.
ಟ್ಯಾಂಕಿನಿಂದ, ತಣ್ಣಗಿದ್ದಾಗ: ಐಡಲಿಂಗ್ 1.6, 3000ರಲ್ಲಿ 0.9. ಮುಳ್ಳು ಒಂದೇ ಸಮ ನಡುಗುತ್ತದೆ.
ರಿಟರ್ನ್ ಪೈಪ್ ಒತ್ತಿಹಿಡಿದಾಗ: ಐಡಲಿಂಗ್ 2.1.
ಬಾಟಲ್‌ನಿಂದ: ಐಡಲಿಂಗ್ 3.1, 3000ರಲ್ಲಿ 2.9. ನಡುಕ ಇಲ್ಲ.
ಪಂಪಿನ ಜಗ್ಗುವಿಕೆ: 9 ಇಂಚು.
ಪ್ರಮಾಣ, ಬಾಟಲ್‌ನಿಂದ, ಸೊಲೆನಾಯ್ಡ್‌ಗೆ ಮುಂಚೆ: ನಿಮಿಷಕ್ಕೆ 340 ಎಂಎಲ್.
ಪ್ರಮಾಣ, ಬಾಟಲ್‌ನಿಂದ, ಸೊಲೆನಾಯ್ಡ್ ದಾಟಿದ ಮೇಲೆ: ನಿಮಿಷಕ್ಕೆ 160 ಎಂಎಲ್.

ಪ್ಯಾಕಿಂಗ್ ಒಂದೇ ಇದೆ, ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಇಲ್ಲ, ಮುಚ್ಚಳ ತೆಗೆದಾಗ ಎಳೆತ ಇಲ್ಲ. ಟ್ಯಾಂಕ್ ಕಡೆ ದೋಷ ಇರುವುದು ಗೊತ್ತಾಯಿತು. ಆದರೆ ಗಾಡಿ ಅಡಿಯಲ್ಲಿ ಎಲ್ಲೂ ಪೆಟ್ರೋಲ್ ಸೋರಿದ ಗುರುತಿಲ್ಲ. ಪಾರದರ್ಶಕ ಫಿಲ್ಟರ್ ಯಾವಾಗಲೂ ಅರ್ಧ ಮಾತ್ರ ತುಂಬಿರುತ್ತದೆ, ಅದೇ ಕಾರಣವೇ?


ಫ್ಲೋಟ್_ಚೇಂಬರ್:

ನಿಮ್ಮ ಅಂಕಿಗಳು ಎರಡು ಬೇರೆ ಬೇರೆ ದೋಷ ತೋರಿಸುತ್ತಿವೆ. ಒಂದು ಟ್ಯಾಂಕಿನಿಂದ ಪಂಪಿನವರೆಗೆ, ಇನ್ನೊಂದು ಸೊಲೆನಾಯ್ಡ್. ಬಾಟಲ್‌ನಿಂದ 3.1 ಬಂದಾಗಲೂ ಟಿ ಸೊಲೆನಾಯ್ಡ್ ಆಚೆಯೇ ಇತ್ತು ಎಂಬುದನ್ನು ಗಮನಿಸಿ. ಐಡಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ ಹತ್ತು ಹನ್ನೆರಡು ಎಂಎಲ್ ಕುಡಿಯುತ್ತದೆ, ಅಷ್ಟು ಚೂರು ಹರಿವಿಗೆ ಕಟ್ಟಿಕೊಂಡ ಸೊಲೆನಾಯ್ಡ್ ಕೂಡ ಅಡ್ಡಿ ಮಾಡುವುದಿಲ್ಲ. ಹಾಗಾಗಿ ಪ್ರೆಷರ್ ಗೇಜಿಗೆ ಅದು ಸಿಕ್ಕಿಬೀಳಲಿಲ್ಲ. 160 ಎಂಎಲ್ ಹಿಡಿದುಕೊಟ್ಟಿತು. ಟ್ಯಾಂಕ್ ಕಡೆಯದೊಂದನ್ನೇ ಸರಿಮಾಡಿ ಬಿಟ್ಟಿದ್ದರೆ ಗೇಜ್ ಮೂರು ತೋರಿಸುತ್ತಿತ್ತು, ಗಾಡಿ ಘಾಟಿಯಲ್ಲಿ ಮತ್ತೆ ನಿಲ್ಲುತ್ತಿತ್ತು.

ಫಿಲ್ಟರ್ ಅರ್ಧ ತುಂಬಿರುವುದು ದೋಷವಲ್ಲ. ಮೇಲೆ ಸಿಕ್ಕಿಕೊಂಡ ಗಾಳಿ ಅಲ್ಲೇ ಇರುತ್ತದೆ, ಪೆಟ್ರೋಲ್ ಕೆಳಗಿನಿಂದ ಹರಿದುಹೋಗುತ್ತದೆ. ನೋಡಬೇಕಾದ್ದು ಗುಳ್ಳೆ ಒಂದರ ಹಿಂದೊಂದು ಬರುತ್ತಲೇ ಇದೆಯೇ ಎಂದು. ಪಂಪಿನ ಒಳಮೂತಿಗೆ ಮುಂಚೆ ಒಂದು ಗೇಣು ಪಾರದರ್ಶಕ ಹೋಸ್ ತಾತ್ಕಾಲಿಕವಾಗಿ ಹಾಕಿ 2000ರಲ್ಲಿ ಓಡಿಸಿ. ಮೊದಲ ಅರ್ಧ ನಿಮಿಷ ಬರುವ ಗುಳ್ಳೆಗಳನ್ನು ಲೆಕ್ಕಕ್ಕಿಡಬೇಡಿ, ಪೈಪ್ ಕಳಚಿದಾಗ ಹೊಕ್ಕ ಗಾಳಿ ಅದು. ಆಮೇಲೂ ಸಾಸಿವೆ ಗಾತ್ರದ ಗುಳ್ಳೆಗಳ ಸಾಲು ನಿಲ್ಲದಿದ್ದರೆ ಗಾಳಿ ಎಳೆಯುತ್ತಿದೆ. ಒಂದೂ ಗುಳ್ಳೆ ಇಲ್ಲದೆ ಪ್ರೆಷರ್ ಕಡಿಮೆಯಿದ್ದರೆ ಟ್ಯಾಂಕಿನೊಳಗಿನ ಜಾಳಿಗೆ ಕಟ್ಟಿದೆ, ಇಲ್ಲವೇ ಜ್ಯಾಕ್ ಕೊಟ್ಟು ಕಬ್ಬಿಣದ ಪೈಪ್ ಚಪ್ಪಟೆಯಾಗಿದೆ. ನಿಮ್ಮ ಮುಳ್ಳಿನ ನಡುಕ ನೋಡಿದರೆ ಗಾಳಿಯೇ ಇರಬೇಕು.

ಸೋರಿದ ಗುರುತು ಸಿಗದಿರುವುದು ಸಹಜ. ಆ ಪೈಪಿನಲ್ಲಿ ಇರುವುದು ಒತ್ತಡವಲ್ಲ, ಎಳೆತ. ಬಿರುಕು ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಪೆಟ್ರೋಲನ್ನು ಹೊರಗೆ ಬಿಡುವುದಿಲ್ಲ. ಕಣ್ಣಿಗೆ ಕಾಣದಿದ್ದರೆ ಭಾಗ ಭಾಗವಾಗಿ ಹುಡುಕಿ. ಟ್ಯಾಂಕ್ ಮೂತಿಯಲ್ಲಿ ಪೈಪ್ ಕಳಚಿ, ಪೈಪಿನ ತುದಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿಯಿರಿ. ಪಂಪಿನ ಕಡೆಯಿಂದ ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪಿನಲ್ಲಿ 8 ಇಂಚು ಎಳೆದು ನಿಲ್ಲಿಸಿ. ಒಂದು ನಿಮಿಷ ಹಾಗೇ ನಿಂತರೆ ಆ ಭಾಗ ಸರಿ. ಇಳಿದರೆ ಬೋಲ್ಟನ್ನು ಒಂದೊಂದೇ ಜಾಯಿಂಟ್ ಮುಂದಕ್ಕೆ ತರುತ್ತಾ ಬನ್ನಿ.

ಕಂಪ್ರೆಸರ್ ಗಾಳಿ ಹೊಡೆಯುವುದಿದ್ದರೆ ಪಂಪ್ ಕಡ್ಡಾಯವಾಗಿ ಕಳಚಿರಬೇಕು, ಟ್ಯಾಂಕ್ ಮುಚ್ಚಳ ತೆರೆದಿರಬೇಕು, 1 ಕೆಜಿಗಿಂತ ಹೆಚ್ಚು ಬೇಡ. ಪಂಪ್ ಇದ್ದಂತೆಯೇ ಗಾಳಿ ಹೊಡೆದು ಹೊಸ ಡಯಾಫ್ರಾಮ್ ಒಡೆದುಕೊಳ್ಳುವುದು ಸುಲಭ.


ಹುಬ್ಬಳ್ಳಿ_ಪಾನಾ:

ಗುಳ್ಳಿ ಬಂದ್ರ ಮೊದಲ ಟ್ಯಾಂಕಿನ ಹತ್ರದ ರಬ್ಬರ್ ತುಂಡು ನೋಡ್ರಿ ಸರ. ಬಾನೆಟ್ ಒಳಗಿನ ಹೋಸ್ ಕಣ್ಣಿಗೆ ಬೀಳ್ತಾವು, ಅದಕ್ಕ ಎಲ್ಲಾರೂ ಬದಲಿ ಮಾಡ್ತಾರ. ಹಿಂದ ಟ್ಯಾಂಕಿನಿಂದ ಕಬ್ಬಿಣದ ಪೈಪಿಗೆ ಕೂಡೋ ಗೇಣುದ್ದದ ತುಂಡು 1997ರಾಗ ಹಾಕಿದ್ದ ಇರ್ತೈತಿ. ಹೊರಗ ನೋಡಿದ್ರ ಛಲೋ ಕಾಣ್ತೈತಿ, ಕ್ಲಿಪ್ ತಗೆದ್ರ ಅದರ ಕೆಳಗ ಸುತ್ತ ಸೀಳಿರ್ತೈತಿ. ಎರಡೂ ಕೈಯಾಗ ಹಿಡಿದು ಬಗ್ಗಿಸಿ ನೋಡ್ರಿ.

ಸೊಲೆನಾಯ್ಡ್ ಬಿಚ್ಚಿದ್ರ ಒಳಗೊಂದು ಸಣ್ಣ ಜಾಳಿಗಿ ಇರ್ತೈತಿ, ಅದನ್ನ ಬಿಳೀ ಬಟ್ಟಿ ಮ್ಯಾಲೆ ಬಡೀರಿ. ಕರೀ ಪುಡಿ ಬಿದ್ರ ಬೆರಳಿನಾಗ ತಿಕ್ಕಿ ನೋಡ್ರಿ: ಮೆತ್ತಗ ಉದ್ದ ಎಳದ್ರ ರಬ್ಬರ್, ಗರಗರ ಅಂದ್ರ ಟ್ಯಾಂಕಿನ ತುಕ್ಕು. ಗ್ಯಾಸ್ ಕಿಟ್ ಇಲ್ಲದ ಮ್ಯಾಲೆ ಸೊಲೆನಾಯ್ಡ್ ಇಟ್ಟು ಏನೂ ಉಪಯೋಗಿಲ್ಲ. ತಗದು ಒಗೀರಿ, ಅದರ ವಾಯರ್ ಫ್ಯೂಸಿನ ಹತ್ರನ ಕಡದು ತುದಿಗೆ ಟೇಪ್ ಸುತ್ರಿ.


ಘಟ್ಟದ_ಗಾಡಿ:

ಸಿಕ್ಕಿತು. ಪಾರದರ್ಶಕ ಹೋಸ್‌ನಲ್ಲಿ ಗುಳ್ಳೆಗಳ ಸಾಲು ನಿಲ್ಲಲೇ ಇಲ್ಲ. ಟ್ಯಾಂಕ್ ಹತ್ತಿರದ ಬಾಗಿದ ರಬ್ಬರ್ ತುಂಡಿನಲ್ಲಿ, ಕ್ಲಿಪ್ಪಿನ ಅಡಿಯಲ್ಲೇ, ಸುತ್ತಳತೆಯ ಮೂರನೇ ಒಂದು ಭಾಗ ಸೀಳಿತ್ತು. ಉದ್ದಕ್ಕೆ ಕೊಯ್ದು ನೋಡಿದರೆ ಒಳಪದರ ಹಪ್ಪಳದ ಹಾಗೆ ಎದ್ದಿದೆ, ಉಗುರಿನಲ್ಲಿ ಕೆರೆದರೆ ಕಪ್ಪು ಸಿಪ್ಪೆ ಬರುತ್ತದೆ. ಸೊಲೆನಾಯ್ಡ್ ಜಾಳಿಗೆಯಲ್ಲೂ ಅದೇ ಕಪ್ಪು, ಬೆರಳಿಗೆ ಮೆತ್ತಿಕೊಳ್ಳುತ್ತದೆ. ತಾತ್ಕಾಲಿಕವಾಗಿ ಹೊಸ ತುಂಡು ಹಾಕಿ, ಸೊಲೆನಾಯ್ಡ್ ತೆಗೆದು ನೇರ ಕೊಟ್ಟಾಗ: ಐಡಲಿಂಗ್ 3.0, 3000ರಲ್ಲಿ 2.8, ಟ್ಯಾಂಕಿನಿಂದಲೇ ನಿಮಿಷಕ್ಕೆ 330 ಎಂಎಲ್.

ಪಂಪ್ ಆದಮೇಲೆ ಇರುವ ಜಾಳಿಗೆಗೆ ರಬ್ಬರ್ ಹೇಗೆ ಬಂತು? ನಡುವೆ ಫಿಲ್ಟರ್ ಇದೆಯಲ್ಲ. ಪೂರ್ತಿ ಹೋಸ್ ಬದಲಿಸುವುದಾದರೆ ಯಾವ ದರ್ಜೆಯದು ಕೇಳಬೇಕು?


ನಾಲ್ಕನೇ_ಗೇರ್:

ಫಿಲ್ಟರ್‌ಗೂ ಸೊಲೆನಾಯ್ಡ್‌ಗೂ ನಡುವೆ ಇರುವ ಹೋಸ್ ತುಂಡುಗಳೂ ಅದೇ ವಯಸ್ಸಿನವು. ಅವುಗಳ ಒಳಪದರ ಎದ್ದರೆ ಫಿಲ್ಟರ್ ತಡೆಯಲಾರದು, ಅದು ಹಿಂದೆ ಉಳಿದಿರುತ್ತದೆ. ಬಾನೆಟ್ ಒಳಗಿನದನ್ನೂ ಕೊಯ್ದು ನೋಡಿದರೆ ಇದೇ ಕಥೆ ಸಿಗುತ್ತದೆ.

ನಿಮ್ಮದರ ಕಾಲದ ಹಳೆಯ ಗಾಡಿಗಳ ರಬ್ಬರ್ ಮಾಡಿದ್ದು ಎಥನಾಲ್ ಇಲ್ಲದ ಪೆಟ್ರೋಲಿಗೆ. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಇರುವ ಪೆಟ್ರೋಲ್, ಹಳೆಯ ನೈಟ್ರೈಲ್ ರಬ್ಬರನ್ನು ಉಬ್ಬಿಸುತ್ತದೆ. ಗಾಡಿ ನಿಂತು ಒಣಗಿದಾಗ ಅದು ಗಟ್ಟಿಯಾಗಿ ಬಿರಿಯುತ್ತದೆ. ಉಬ್ಬು, ಒಣಗು, ಉಬ್ಬು, ಒಣಗು, ಹೀಗಾಗಿ ಪದರ ಕಳಚುತ್ತದೆ. ಗ್ಯಾಸಿನಲ್ಲಿ ಹೆಚ್ಚು ಓಡಿದ ಗಾಡಿಗಳಲ್ಲಿ ಪೆಟ್ರೋಲ್ ಪೈಪ್ ತಿಂಗಳುಗಟ್ಟಲೆ ಒಣಗಿರುವುದರಿಂದ ಇದು ಇನ್ನೂ ಬೇಗ.

ಅಂಗಡಿಯಲ್ಲಿ ಪೆಟ್ರೋಲ್ ಪೈಪ್ ಕೊಡಿ ಎಂದಷ್ಟೇ ಕೇಳಿದರೆ ಮೀಟರ್ ಲೆಕ್ಕದ ಯಾವುದೋ ಕಪ್ಪು ಪೈಪ್ ಕೊಡುತ್ತಾರೆ. ಹೋಸ್ ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ನೋಡಿ ತೆಗೆದುಕೊಳ್ಳಿ. ಅದರ ಒಳಪದರ ಫ್ಲೋರೊ ರಬ್ಬರಿನದು, ಎಥನಾಲ್ ತಡೆಯುತ್ತದೆ. ಹಳೆಯ ಹೋಸ್ ಉಬ್ಬಿರುತ್ತದೆ, ಅದರ ಅಳತೆ ನಂಬಬೇಡಿ. ಲೋಹದ ಮೂತಿಯ ಹೊರವ್ಯಾಸ ವರ್ನಿಯರ್‌ನಲ್ಲಿ ಅಳೆದುಕೊಂಡು ಹೋಗಿ. ಮೂತಿಯ ಮೇಲೆ 20ರಿಂದ 25 ಮಿಲಿಮೀಟರ್ ಒಳಗೆ ಹೋಗುವಂತೆ ಹಾಕಿ, ಮೂತಿಯ ಉಬ್ಬು ದಾಟಿದ ಮೇಲೆ ಕ್ಲಿಪ್ ಬರಲಿ. ಹಲ್ಲು ಹಲ್ಲಾಗಿ ಕೊಯ್ದ ಪಟ್ಟಿಯ ಸ್ಕ್ರೂ ಕ್ಲಿಪ್ ರಬ್ಬರ್ ಕಚ್ಚಿ ಸೀಳುತ್ತದೆ, ನಿಮ್ಮದು ಕ್ಲಿಪ್ ಅಡಿಯಲ್ಲೇ ಸೀಳಿದ್ದಕ್ಕೆ ಅದೂ ಕಾರಣ ಇರಬಹುದು. ಅಂಚು ನುಣುಪಾಗಿ ಮಡಿಸಿರುವ, ಸಣ್ಣ ಬೋಲ್ಟ್‌ನಿಂದ ಬಿಗಿಯುವ ಕ್ಲಿಪ್ ಹಾಕಿ.

ರಿಟರ್ನ್ ಹೋಸ್ ಮರೆಯಬೇಡಿ, ಅದೂ ಅದೇ ವಯಸ್ಸಿನದು, ಅದರಲ್ಲಿ ಒಡಕಾದರೆ ಪೆಟ್ರೋಲ್ ಹೊರಗೇ ಬೀಳುತ್ತದೆ. ಕಳಚುವ ಮೊದಲು ಟ್ಯಾಂಕಿನಿಂದ ಬರುವ ಪೈಪಿಗೂ ರಿಟರ್ನ್‌ಗೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ. ಎರಡೂ ಅಕ್ಕಪಕ್ಕ ಬರುವುದರಿಂದ ಅದಲುಬದಲಾಗುವುದುಂಟು. ಹಾಗಾದಾಗ, ರಿಟರ್ನ್ ಪೈಪಿನ ತುದಿ ಟ್ಯಾಂಕಿನೊಳಗೆ ಮೇಲಕ್ಕೇ ಮುಗಿದಿದ್ದರೆ ಟ್ಯಾಂಕ್ ತುಂಬಿದ್ದಾಗ ಗಾಡಿ ಓಡುತ್ತದೆ, ಅರ್ಧಕ್ಕಿಳಿದಾಗ ಮತ್ತೆ ಇದೇ 1.4 ಬಂದು ಕೂರುತ್ತದೆ.


ಫ್ಲೋಟ್_ಚೇಂಬರ್:

ಹೋಸ್ ಬದಲಿಸಿದ ದಿನವೇ ಕಾರ್ಬ್ಯುರೇಟರ್ ಮೇಲ್ಮುಚ್ಚಳ ಇನ್ನೊಮ್ಮೆ ತೆಗೆಯಿರಿ. ಸೊಲೆನಾಯ್ಡ್ ದಾಟಿ ಬಂದ ಸಿಪ್ಪೆ ಸೂಜಿ ವಾಲ್ವ್ ಸೀಟಿನಲ್ಲಿ ಕೂತಿದ್ದರೆ, ಇಷ್ಟು ದಿನ 1.6 ಪ್ರೆಷರಿನಲ್ಲಿ ಸುಮ್ಮನಿದ್ದ ವಾಲ್ವ್ ಈಗ 3ರಲ್ಲಿ ಸೋರಲು ಶುರುಮಾಡುತ್ತದೆ. ಗಾಡಿ ಹೊಗೆ ಉಗುಳಿದರೆ, ಬಿಸಿಯಲ್ಲಿ ಸ್ಟಾರ್ಟ್ ಆಗದಿದ್ದರೆ ಪಂಪ್ ಹೆಚ್ಚು ತಳ್ಳುತ್ತಿದೆ ಎಂದುಕೊಳ್ಳಬೇಡಿ, ಮೊದಲು ಆ ಸೀಟ್ ನೋಡಿ. ಫ್ಲೋಟ್ ಚೇಂಬರಿನ ಕಿಟಕಿ ಗಾಜಿನಲ್ಲಿ ಪೆಟ್ರೋಲ್ ಮಟ್ಟ ನಡುವಿನ ದುಂಡು ಗುರುತಿನೊಳಗೆ ನಿಲ್ಲಬೇಕು, ಗಾಡಿ ಸಮತಟ್ಟು ಜಾಗದಲ್ಲಿ ಐಡಲಿಂಗ್‌ನಲ್ಲಿದ್ದಾಗ ನೋಡಿ.

ಈಗಿನ ಫಿಲ್ಟರ್ ಎಸೆದು ಹೊಸದು ಹಾಕಿ, 500 ಕಿಲೋಮೀಟರ್ ಆದ ಮೇಲೆ ಅದನ್ನು ತೆಗೆದು ಬಿಳಿ ಬಟ್ಟೆಯ ಮೇಲೆ ಹಿಮ್ಮುಖವಾಗಿ ಸುರಿದು ನೋಡಿ. ಆಗಲೂ ಕಪ್ಪು ಬಿದ್ದರೆ ಎಲ್ಲೋ ಒಂದು ಹಳೆಯ ತುಂಡು ಉಳಿದುಕೊಂಡಿದೆ. ಕಂದು ಪುಡಿ ಬಿದ್ದರೆ ಟ್ಯಾಂಕ್ ಇಳಿಸಿ ತೊಳೆಸಬೇಕು.